ಬೈರನ್ ಕೆನ್ನೆಯ ಗಾಯ

ಜಾನ್ ಬೈರನ್ ಕೆನ್ನೆಯ ಮೇಲಿನ ಗಾಯದ ಗುರುತನ್ನು ಚಿತ್ರಕಾರ ವಿಲಿಯಂ ಡಾಬ್ಸನ್ ಮುಚ್ಚಿಟ್ಟಿಲ್ಲ. ಮುಚ್ಚಿಡುವ ಮನಸ್ಸಿದ್ದರೆ ದಾರಿಗಳಿಗೇನೂ ಬರವಿರಲಿಲ್ಲ. ಮುಖವನ್ನು ಇನ್ನೊಂದಿಷ್ಟು ಆಚೆ ತಿರುಗಿಸಿ ನಿಲ್ಲಿಸಬಹುದಿತ್ತು. ಆ ಭಾಗದ ಮೇಲೆ ನೆರಳು ಬಿಡಬಹುದಿತ್ತು. ಗಂಡಸರು ಉದ್ದ ಕೂದಲು ಬಿಡುತ್ತಿದ್ದ ಕಾಲ ಅದು, ಒಂದು ಕುಚ್ಚನ್ನು ಕೆನ್ನೆಯ ಮೇಲೆ ಇಳಿಬಿಟ್ಟಿದ್ದರೂ ಸಾಕಿತ್ತು. ಡಾಬ್ಸನ್ ಇದಾವುದನ್ನೂ ಮಾಡದೆ, ನೋಡುವವರ ಕಣ್ಣು ತಪ್ಪದೆ ಅಲ್ಲಿಗೆ ಹೋಗುವಂತೆ ಬರೆದಿದ್ದಾನೆ.

1643ರ ಸುಮಾರಿನ ಈ ತೈಲಚಿತ್ರ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟೇಬ್ಲಿ ಹೌಸ್ ಸಂಗ್ರಹಕ್ಕೆ ಸೇರಿದ್ದು. ಇಂಗ್ಲೆಂಡಿನ ರಾಜ ಒಂದನೆಯ ಚಾರ್ಲ್ಸ್‌ಗೂ ಅವನ ಸಂಸತ್ತಿಗೂ ನಡುವಿನ ಜಗಳ 1642ರಲ್ಲಿ ಯುದ್ಧವಾಗಿ ಸಿಡಿಯಿತು. ಬೈರನ್ ರಾಜನ ಕಡೆಯವನು, ಅಶ್ವದಳದ ಅಧಿಕಾರಿ. ರಾಜನಿಗಾಗಿ ಮೊದಮೊದಲು ಕಟ್ಟಿದ ಅಶ್ವದಳಗಳಲ್ಲಿ ಅವನದೂ ಒಂದು. ಚಿತ್ರದಲ್ಲಿರುವುದು ನಲವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯ. ಹಿಂದೆ ಹಗ್ಗದಂತೆ ಹೊಸೆದ ದಪ್ಪ ಕಂಬಗಳು, ಪಕ್ಕದಲ್ಲಿ ಅವನ ಕುದುರೆ, ಅದರ ಲಗಾಮು ಹಿಡಿದು ನಿಂತ ಆಫ್ರಿಕಾ ಮೂಲದ ಒಬ್ಬ ಹುಡುಗ.

ಈ ಚಿತ್ರವನ್ನು ಮೆಚ್ಚುವವರೆಲ್ಲ ಮೊದಲು ಬೆರಳು ತೋರಿಸುವುದು ಆ ಗಾಯದ ಕಡೆಗೆ. ಹೊಗಳುಭಟರ ಆಸ್ಥಾನದಲ್ಲಿ ಒಬ್ಬ ಕಲಾವಿದನಾದರೂ ಇದ್ದದ್ದನ್ನು ಇದ್ದಂತೆ ಬರೆದನಲ್ಲ ಎಂಬುದು ಅವರ ಮೆಚ್ಚುಗೆ. ನಾನು ಇದನ್ನು ಒಪ್ಪುವುದಿಲ್ಲ. ಸೈನ್ಯದ ಅಧಿಕಾರಿಯೊಬ್ಬನಿಗೆ ಮುಖದ ಮೇಲಿನ ಏಟು ನಾಚಿಕೆಯ ವಸ್ತುವಾಗಿರಲಿಲ್ಲ. ಶತ್ರುವಿಗೆ ಎದುರಾಗಿ ನಿಂತವನಿಗೆ ಮಾತ್ರ ಬೀಳುವ ಏಟು ಅದು. ಓಡುವವನಿಗೆ ಬೀಳುವುದು ಬೆನ್ನಿಗೆ. ಆ ಗಾಯವನ್ನು ಡಾಬ್ಸನ್ ಬಿಟ್ಟುಬಿಟ್ಟಿದ್ದರೆ ಬೈರನ್ ಹಣ ಕೊಡುತ್ತಿದ್ದನೋ ಇಲ್ಲವೋ ಎಂಬುದೇ ನನ್ನ ಅನುಮಾನ.

ಗಾಯ ಆದದ್ದು ಹೀಗೆ. 1643ರ ಹೊಸ ವರ್ಷದ ಹೊತ್ತಿಗೆ ಆಕ್ಸ್‌ಫರ್ಡ್‌ನ ಪಶ್ಚಿಮಕ್ಕಿರುವ ಬರ್ಫರ್ಡ್ ಎಂಬ ಊರಿನಲ್ಲಿ ಬೈರನ್ ದಳ ತಂಗಿತ್ತು. ಸಂಸತ್ತಿನ ಸೈನಿಕರು ರಾತ್ರಿ ಹೊತ್ತಿನಲ್ಲಿ ಊರಿಗೆ ನುಗ್ಗಿದರು. ಕತ್ತಲೆಯ ಬೀದಿಗಳಲ್ಲಿ ನಡೆದ ಆ ಕಾದಾಟದಲ್ಲಿ ಯಾರೋ ಬೀಸಿದ ಉದ್ದ ಹಿಡಿಯ ಕೊಡಲಿ ಅವನ ಮುಖಕ್ಕೆ ತಗುಲಿತು. ಇತಿಹಾಸದ ಪುಸ್ತಕಗಳಲ್ಲಿ ಈ ಚಕಮಕಿಗೆ ಒಂದೆರಡು ಸಾಲಿಗಿಂತ ಹೆಚ್ಚಿನ ಜಾಗವಿಲ್ಲ. ಬೈರನ್ ಮುಖದ ಮೇಲೆ ಮಾತ್ರ ಅದು ಕೊನೆಯವರೆಗೂ ಉಳಿಯಿತು.

ಚಿತ್ರ ಹುಟ್ಟಿದ ಆಕ್ಸ್‌ಫರ್ಡ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಲಂಡನ್ ಕೈಬಿಟ್ಟುಹೋದ ಮೇಲೆ, 1642ರ ಕೊನೆಯಿಂದ ರಾಜನಿಗೆ ಆಕ್ಸ್‌ಫರ್ಡೇ ರಾಜಧಾನಿ. ಅವನು ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಬೀಡುಬಿಟ್ಟ, ಮರುವರ್ಷ ಬಂದ ರಾಣಿ ಮರ್ಟನ್ ಕಾಲೇಜಿನಲ್ಲಿ. ಕಾಲೇಜಿನ ಅಂಗಳಗಳಲ್ಲಿ ದನಗಳನ್ನು ಕೂಡಿದರು. ನ್ಯೂ ಕಾಲೇಜಿನಲ್ಲಿ ಮದ್ದುಗುಂಡು ತುಂಬಿಟ್ಟರು. ಕಾಲೇಜುಗಳ ಬೆಳ್ಳಿಯ ತಟ್ಟೆ ಲೋಟಗಳೆಲ್ಲ ಟಂಕಸಾಲೆಗೆ ಹೋಗಿ ನಾಣ್ಯಗಳಾಗಿ ಹೊರಬಂದವು, ಸೈನಿಕರ ಸಂಬಳಕ್ಕೆ. ಅದಕ್ಕೂ ಮೊದಲು, 1642ರ ಸೆಪ್ಟೆಂಬರ್‌ನಲ್ಲಿ, ಆಕ್ಸ್‌ಫರ್ಡ್‌ನಿಂದ ಬೆಳ್ಳಿ ಹೇರಿಕೊಂಡು ರಾಜನ ಕಡೆಗೆ ಹೊರಟ ಗಾಡಿಗಳಿಗೆ ಕಾವಲಾಗಿ ಹೋದವನು ಇದೇ ಬೈರನ್. ಅವನಿಗೆ ಬೆಂಬಲವಾಗಿ ಬಂದ, ರಾಜನ ಸೋದರಳಿಯ ರಾಜಕುಮಾರ ರೂಪರ್ಟ್‌ನ ಕುದುರೆಗಳು ವುಸ್ಟರ್ ಬಳಿಯ ಪೋವಿಕ್ ಸೇತುವೆಯ ಹತ್ತಿರ ಸಂಸತ್ತಿನ ಕುದುರೆಗಳಿಗೆ ಎದುರಾದವು. ಯುದ್ಧದ ಮೊದಲ ಹೇಳಿಕೊಳ್ಳುವಂಥ ಕಾದಾಟ ನಡೆದದ್ದು ಹಾಗೆ. 1643ರಲ್ಲಿ ಆಕ್ಸ್‌ಫರ್ಡ್‌ಗೆ ಜ್ವರ ಬಂತು. ಸೈನಿಕರು, ಆಸ್ಥಾನಿಕರು, ಊರಿನವರು ಎಲ್ಲರೂ ಒತ್ತೊತ್ತಾಗಿ ತುಂಬಿಕೊಂಡಿದ್ದ ಊರಿನಲ್ಲಿ ಹರಡಿದ ಆ ಜ್ವರಕ್ಕೆ ಸತ್ತವರು ಬಹಳ.

ಇಂಥ ಊರಿನಲ್ಲಿ ಕುಳಿತು ಡಾಬ್ಸನ್ ಚಿತ್ರ ಬರೆದ. ರಾಜನ ನೆಚ್ಚಿನ ಚಿತ್ರಕಾರ ವ್ಯಾನ್ ಡೈಕ್ 1641ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ. ತೆರವಾದ ಜಾಗಕ್ಕೆ ಬಂದವನು ಲಂಡನ್ನಿನಲ್ಲಿ 1611ರಲ್ಲಿ ಹುಟ್ಟಿದ ಈ ಡಾಬ್ಸನ್. ಅವನ ಕೈಯಿಂದ ಬಂದವು ಎಂದು ಇಂದು ಗುರುತಿಸುವ ಚಿತ್ರಗಳು ಅರವತ್ತರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಈ ಮೂರ್ನಾಲ್ಕು ವರ್ಷಗಳ ಆಕ್ಸ್‌ಫರ್ಡ್ ವಾಸದವು.

ವ್ಯಾನ್ ಡೈಕ್ ಮತ್ತು ಡಾಬ್ಸನ್ ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ವ್ಯಾನ್ ಡೈಕ್ ಬರೆದ ಗಂಡಸರ ಬೆರಳುಗಳು ನೀಳ, ಬಟ್ಟೆ ರೇಷ್ಮೆ, ಮುಖದ ಮೇಲೆ ಒಂದು ಬಗೆಯ ಬೇಸರದ ಸೊಬಗು. ಅವರು ನೆಲಕ್ಕೆ ಕಾಲು ಊರಿದ್ದಾರೆಯೇ ಎಂದು ಅನುಮಾನ ಬರುತ್ತದೆ. ಡಾಬ್ಸನ್ ಬರೆದವರು ಭಾರ ಇರುವ ಜನ. ಗಾಳಿ ಬಿಸಿಲಿಗೆ ಕೆಂಪೇರಿದ ಕೆನ್ನೆ, ದಪ್ಪ ಕತ್ತು, ಅಗಲ ಎದೆ. ಚೌಕಟ್ಟಿನೊಳಗೆ ಜಾಗ ಸಾಲದೆ ಒತ್ತರಿಸಿಕೊಂಡು ನಿಂತಿರುತ್ತಾರೆ. ಬಣ್ಣವನ್ನು ಒರಟಾಗಿ, ಮೆತ್ತಿದಂತೆ ಹಚ್ಚುವುದು ಅವನ ರೀತಿ. ಯುದ್ಧ ಮುಂದುವರಿದಂತೆ ಅವನ ಕ್ಯಾನ್ವಾಸ್ ಮೇಲಿನ ಬಣ್ಣದ ಪದರ ತೆಳುವಾಗುತ್ತ ಹೋಗುತ್ತದೆ. ಮುತ್ತಿಗೆಯ ಊರಿನಲ್ಲಿ ಬಣ್ಣವೂ ಸಿಗದಾಯಿತು ಎಂದು ಕಲಾ ಇತಿಹಾಸಕಾರರು ಇದಕ್ಕೆ ಕಾರಣ ಕೊಡುತ್ತಾರೆ. ಬೈರನ್ ಚಿತ್ರ ಮಾತ್ರ ಇನ್ನೂ ಕೈಬಿಚ್ಚಿ ಖರ್ಚು ಮಾಡುತ್ತಿದ್ದ ದಿನಗಳದು.

ಡಾಬ್ಸನ್ ಬರೆದ ಅಧಿಕಾರಿಗಳ ಮೈಮೇಲೆ ಮತ್ತೆ ಮತ್ತೆ ಕಾಣುವುದು ಎಣ್ಣೆಯಲ್ಲಿ ಹದ ಮಾಡಿದ, ಮಂದವಾದ, ಹಳದಿ ಬಣ್ಣದ ಚರ್ಮದ ಅಂಗಿ. ಕತ್ತಿಯ ಏಟು ಜಾರಿಹೋಗಲಿ ಎಂದು ತೊಡುತ್ತಿದ್ದದ್ದು ಅದು. ಆ ಕಾಲದ ಲೆಕ್ಕದಲ್ಲಿ ಒಳ್ಳೆಯದೊಂದಕ್ಕೆ ಹತ್ತು ಪೌಂಡ್ ಆಗುತ್ತಿತ್ತು. ಸಾಮಾನ್ಯ ಸವಾರನ ದಿನಗೂಲಿ ಎರಡು ಶಿಲ್ಲಿಂಗ್, ಅದರಲ್ಲೇ ಕುದುರೆಯ ಹೊಟ್ಟೆಯೂ ತುಂಬಬೇಕು. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಅಂದರೆ ಸಾಹೇಬರ ಅಂಗಿಯೊಂದಕ್ಕೆ ಸವಾರನ ನೂರು ದಿನದ ಸಂಬಳ, ಅದೂ ಸಂಬಳ ಕೈಗೆ ಬಂದರೆ.

ಇನ್ನು ಆ ಹೊಸೆದ ಕಂಬಗಳು. ಜೆರೂಸಲೇಮಿನ ಸೊಲೊಮನ್ ದೊರೆಯ ದೇವಾಲಯದಲ್ಲಿ ಇಂಥ ಕಂಬಗಳಿದ್ದವು ಎಂಬ ನಂಬಿಕೆ ಯುರೋಪಿನಲ್ಲಿ ಹಳೆಯದು. ಇಟಲಿಯ ರಾಫೆಲ್ ಪರದೆ ನೇಯಲೆಂದು ಬರೆದ ದೊಡ್ಡ ಚಿತ್ರಗಳಲ್ಲಿ ಈ ಕಂಬಗಳಿವೆ. ಆ ಚಿತ್ರಗಳನ್ನು ಚಾರ್ಲ್ಸ್ 1623ರಲ್ಲಿ, ಇನ್ನೂ ಯುವರಾಜನಾಗಿದ್ದಾಗ, ಕೊಂಡು ತಂದ. ಅವನ್ನು ನೋಡಿಕೊಂಡು ಮಾರ್ಟ್‌ಲೇಕ್‌ನ ಮಗ್ಗಗಳಲ್ಲಿ ಪರದೆ ನೇಯ್ದರು. ಅಲ್ಲಿ ವಿನ್ಯಾಸಕಾರನಾಗಿದ್ದ ಫ್ರಾನ್ಸಿಸ್ ಕ್ಲೈನ್ ಡಾಬ್ಸನ್‌ನ ಗುರುಗಳಲ್ಲೊಬ್ಬ. ಆದ್ದರಿಂದ ಕಂಬ ಎಲ್ಲಿಂದ ಬಂತೆಂದು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆಕ್ಸ್‌ಫರ್ಡ್‌ನ ದೊಡ್ಡ ಬೀದಿಯಲ್ಲಿರುವ ಸಂತ ಮೇರಿ ಚರ್ಚಿನ ದಕ್ಷಿಣದ ಬಾಗಿಲಿಗೆ. 1637ರಲ್ಲಿ ಕಟ್ಟಿದ ಆ ಮುಖಮಂಟಪಕ್ಕೂ ಹೀಗೆಯೇ ಹೊಸೆದ ಎರಡು ಕಂಬಗಳಿವೆ, ಮೇಲೆ ಮಗುವನ್ನೆತ್ತಿಕೊಂಡ ಮೇರಿಯ ವಿಗ್ರಹ. ಚರ್ಚಿನಲ್ಲಿ ವಿಗ್ರಹಗಳೇ ಕೂಡದೆನ್ನುವ ಕಟ್ಟರ್ ಪ್ಯೂರಿಟನ್ನರ ಕಣ್ಣಿಗೆ ಇದು ಮೂರ್ತಿಪೂಜೆ. 1642ರಲ್ಲಿ ಆ ದಾರಿಯಲ್ಲಿ ಹೊರಟಿದ್ದ ಸಂಸತ್ತಿನ ಸೈನಿಕನೊಬ್ಬ ವಿಗ್ರಹಕ್ಕೆ ಗುಂಡು ಹೊಡೆದ. ಮುಂದೆ ರಾಜನ ಕಡೆಯ ಆರ್ಚ್‌ಬಿಷಪ್ ವಿಲಿಯಂ ಲಾಡ್ ಮೇಲೆ ವಿಚಾರಣೆ ನಡೆದಾಗ ಈ ಮಂಟಪವೂ ಆರೋಪಗಳ ಪಟ್ಟಿಯಲ್ಲಿ ಸೇರಿತ್ತು. 1645ರ ಜನವರಿಯಲ್ಲಿ ಅವನ ತಲೆ ಉರುಳಿತು. ಅಂಥ ಹೊತ್ತಿನಲ್ಲಿ ಅಧಿಕಾರಿಯೊಬ್ಬನ ಬೆನ್ನ ಹಿಂದೆ ಇಂಥ ಕಂಬಗಳನ್ನು ನಿಲ್ಲಿಸಿದರೆ ಅವನು ಯಾವ ಕಡೆಯವನೆಂದು ಕಡ್ಡಿ ಮುರಿದಂತೆ ಹೇಳಿದ ಹಾಗೆಯೇ.

ಹುಡುಗನ ವಿಷಯಕ್ಕೆ ಬರುತ್ತೇನೆ. ಯಜಮಾನನ ಪಕ್ಕದಲ್ಲಿ ಕಪ್ಪು ಮೈಬಣ್ಣದ ಪುಟ್ಟ ಸೇವಕನನ್ನು ನಿಲ್ಲಿಸುವುದು ವೆನಿಸ್‌ನ ಟಿಶಿಯನ್ ಕಾಲದಿಂದ ಬಂದ ರೂಢಿ. ವ್ಯಾನ್ ಡೈಕ್ 1634ರಲ್ಲಿ ಬರೆದ ಲೊರೇನಿನ ಹೆನ್ರಿಯೆಟ್ಟಾಳ ಚಿತ್ರದಲ್ಲೂ ಅಂಥ ಹುಡುಗನಿದ್ದಾನೆ, ಆ ಚಿತ್ರ ಚಾರ್ಲ್ಸ್ ಸಂಗ್ರಹದಲ್ಲೇ ಇತ್ತು. ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ನೆಲೆಯೂರಿದ್ದು 1627ರಲ್ಲಿ, ಅಟ್ಲಾಂಟಿಕ್ ದಾಟಿ ಮನುಷ್ಯರನ್ನು ಮಾರುವ ವ್ಯಾಪಾರಕ್ಕೆ ಅವರು ಆಗಲೇ ಕೈಹಾಕಿದ್ದರು. ಕುದುರೆಯ ಪಕ್ಕ ನಿಂತ ಇನ್ನೊಬ್ಬ ಸೇವಕನನ್ನು ನೆನೆಸಿಕೊಂಡರೆ ವ್ಯತ್ಯಾಸ ಚುಚ್ಚುತ್ತದೆ. ವ್ಯಾನ್ ಡೈಕ್ 1633ರಲ್ಲಿ ಬರೆದ ಚಾರ್ಲ್ಸ್‌ನ ಕುದುರೆ ಸವಾರಿಯ ಪ್ರಸಿದ್ಧ ಚಿತ್ರದಲ್ಲಿ ರಾಜನ ಶಿರಸ್ತ್ರಾಣ ಹಿಡಿದು, ತಲೆಯೆತ್ತಿ ನೋಡುತ್ತ ಒಬ್ಬನು ನಿಂತಿದ್ದಾನೆ. ಅವನು ಕುದುರೆ ಪಳಗಿಸುವ ಫ್ರೆಂಚ್ ಗುರು ಸೇಂತ್ ಆಂತ್ವಾನ್. ಚಿತ್ರದ ಹೆಸರಿನಲ್ಲೇ ಅವನ ಹೆಸರೂ ಇದೆ. ಬೈರನ್ ಕುದುರೆಯ ಲಗಾಮು ಹಿಡಿದ ಹುಡುಗನ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಬೈರನ್ ಪಾಲಿಗೆ 1643 ಒಳ್ಳೆಯ ವರ್ಷ. ಜುಲೈ 13ರಂದು ರೌಂಡ್‌ವೇ ಡೌನ್ ಎಂಬ ಗುಡ್ಡದ ಮೇಲೆ ಸಂಸತ್ತಿನ ಸೇನಾಪತಿ ವಾಲರ್‌ನ ಸೈನ್ಯವನ್ನು ರಾಜನ ಕುದುರೆಗಳು ಧೂಳೀಪಟ ಮಾಡಿದವು. ಎದುರಾಳಿಗಳಲ್ಲಿ ಹ್ಯಾಸಲ್‌ರಿಗ್‌ನ ದಳದವರು ತಲೆಯಿಂದ ಮೊಣಕಾಲಿನವರೆಗೆ ಕಬ್ಬಿಣ ತೊಟ್ಟಿದ್ದರು, ಅವರಿಗೆ ಲಾಬ್‌ಸ್ಟರ್‌ಗಳು ಎಂದು ಅಡ್ಡಹೆಸರು. ಆ ದಿನದ ಬಗ್ಗೆ ಬೈರನ್ ತಾನೇ ಒಂದು ವರದಿ ಬರೆದಿದ್ದಾನೆ. ಶತ್ರು ತನ್ನ ಗುಂಡುಗಳನ್ನೆಲ್ಲ ಹಾರಿಸಿ ಮುಗಿಸುವವರೆಗೆ ನಮ್ಮಲ್ಲಿ ಒಬ್ಬನೂ ಪಿಸ್ತೂಲಿನ ಕುದುರೆ ಎಳೆಯಕೂಡದು ಎಂದು ಆಜ್ಞೆ ಮಾಡಿದ್ದೆ, ಅದು ಚಾಚೂ ತಪ್ಪದೆ ಪಾಲನೆಯಾಯಿತು ಎನ್ನುತ್ತಾನೆ. ಎದುರಿನಿಂದ ಗುಂಡು ಹಾರಿಬರುತ್ತಿರುವಾಗ ಕೈಯಲ್ಲಿ ತುಂಬಿದ ಪಿಸ್ತೂಲಿಟ್ಟುಕೊಂಡು ಸುಮ್ಮನೆ ಕುದುರೆ ನಡೆಸುವುದೆಂದರೆ ಸಣ್ಣ ಮಾತಲ್ಲ. ಜನ ಅವನ ಮಾತು ಕೇಳುತ್ತಿದ್ದರು. ಓಡಿದ ಶತ್ರುಸವಾರರು ಗುಡ್ಡದ ಕಡಿದಾದ ಅಂಚು ಕಾಣದೆ ಕುದುರೆ ಸಮೇತ ಕೆಳಗುರುಳಿದರು.

ಸೆಪ್ಟೆಂಬರ್ 20ರಂದು ನ್ಯೂಬರಿ ಕದನ. ಆ ದಿನದ ಬಗ್ಗೆಯೂ ಅವನ ಬರಹವಿದೆ, ನನಗೆ ಅವನ ಬಗ್ಗೆ ಒಂದಿಷ್ಟು ಗೌರವ ಮೂಡುವುದು ಅದನ್ನು ಓದಿದಾಗ. ಎತ್ತರದ ಬೇಲಿ, ಅದರಲ್ಲಿ ಒಂದು ಕಿರಿದಾದ ಕಂಡಿ, ಆಚೆ ಬಂದೂಕು ಹಿಡಿದ ಕಾಲಾಳುಗಳು. ಬೈರನ್ ಕಂಡಿಯನ್ನು ಪರೀಕ್ಷಿಸುತ್ತಿರುವಾಗ ಅವನ ಕುದುರೆಯ ಗಂಟಲಿಗೆ ಗುಂಡು ತಗುಲಿತು, ಬಾಯಿಯ ಕಡಿವಾಣ ಮುರಿಯಿತು. ಅವನು ಬೇರೆ ಕುದುರೆ ತರಿಸಿಕೊಳ್ಳುವಷ್ಟರಲ್ಲಿ ಅವನ ದಳದ ಜೊತೆ ಸವಾರನಾಗಿ ಬಂದಿದ್ದ ರಾಜನ ಮಂತ್ರಿ, ಲಾರ್ಡ್ ಫಾಕ್‌ಲ್ಯಾಂಡ್, ಆ ಕಂಡಿಯೊಳಗೆ ಕುದುರೆ ನುಗ್ಗಿಸಿ ಅಲ್ಲೇ ಸತ್ತ. ಯುದ್ಧದಿಂದ ಮನಸ್ಸು ಮುರಿದು ಸಾವನ್ನೇ ಅರಸಿ ಹೋದನೆಂದು ಫಾಕ್‌ಲ್ಯಾಂಡ್ ಬಗ್ಗೆ ಮುಂದೆ ಬಹಳ ಜನ ಬರೆದರು. ಬೈರನ್ ಹೇಳುವುದು ಇಷ್ಟೇ: ವಿವೇಕಕ್ಕಿಂತ ಹೆಚ್ಚಿನ ಶೌರ್ಯದಿಂದ ನುಗ್ಗಿದ, ಅವನೂ ಅವನ ಕುದುರೆಯೂ ಆ ಕ್ಷಣವೇ ಸತ್ತರು. ಒಂದೇ ವಾಕ್ಯ, ಗೋಳಾಟವಿಲ್ಲ.

ಅಕ್ಟೋಬರ್ 24ರಂದು ರಾಜ ಅವನಿಗೆ ಬ್ಯಾರನ್ ಪದವಿ ಕೊಟ್ಟ. ಹೊಸ ಬಿರುದು, ಹೊಸ ಗೆಲುವುಗಳು, ಒಣಗಿದ ಗಾಯ. ಚಿತ್ರದಲ್ಲಿ ಕಾಣುವ ಗತ್ತು ಈ ವರ್ಷದ್ದು.

ಅದೇ ವರ್ಷದ ಕೊನೆಗೆ ಬೈರನ್ ಚೆಷರ್ ಪ್ರಾಂತ್ಯಕ್ಕೆ ಸೈನ್ಯ ನಡೆಸಿದ. ಕ್ರಿಸ್ಮಸ್‌ಗೆ ಒಂದೆರಡು ದಿನ ಮುಂಚೆ ಅವನ ಸೈನಿಕರು ಬಾರ್ಥಮ್ಲಿ ಎಂಬ ಹಳ್ಳಿಗೆ ಬಂದರು. ಊರಿನವರು ಸುಮಾರು ಇಪ್ಪತ್ತು ಮಂದಿ ಚರ್ಚಿನ ಗೋಪುರ ಹತ್ತಿ ಅವಿತುಕೊಂಡರು. ಸೈನಿಕರು ಕೆಳಗೆ ಬೆಂಚು ಚಾಪೆಗಳನ್ನು ಒಟ್ಟಿ ಬೆಂಕಿ ಹಚ್ಚಿದರು. ಹೊಗೆ ತಡೆಯಲಾರದೆ ಮೇಲಿದ್ದವರು ಜೀವ ಉಳಿಸಿ ಎಂದು ಕೇಳಿಕೊಂಡು ಕೆಳಗಿಳಿದರು. ಇಳಿದವರಲ್ಲಿ ಹನ್ನೆರಡು ಜನರನ್ನು ಕೊಂದರು.

ಡಿಸೆಂಬರ್ 26ರಂದು ಬೈರನ್ ತನ್ನ ಕಡೆಯ ಮತ್ತೊಬ್ಬ ಸೇನಾಪತಿ ನ್ಯೂಕ್ಯಾಸಲ್‌ಗೆ ಪತ್ರ ಬರೆದ. ದಂಗೆಕೋರರು ಚರ್ಚನ್ನು ಹಿಡಿದುಕೊಂಡಿದ್ದರು, ಅಲ್ಲಿಂದ ಹೊರಗೆಳೆದು ಎಲ್ಲರನ್ನೂ ಕತ್ತಿಗೆ ಕೊಟ್ಟೆವು. ಇಂಥ ಜನರ ಜೊತೆ ನಡೆದುಕೊಳ್ಳಲು ಇದೇ ಅತ್ಯುತ್ತಮ ದಾರಿಯೆಂದು ಕಂಡುಕೊಂಡಿದ್ದೇನೆ, ಏಕೆಂದರೆ ಅವರಿಗೆ ತೋರುವ ದಯೆಯೇ ಕ್ರೌರ್ಯ. ಇದು ಅವನ ಮಾತಿನ ಸಾರ. ಪತ್ರ ತಲುಪಬೇಕಾದವರಿಗೆ ತಲುಪುವ ಮೊದಲು ಸಂಸತ್ತಿನವರ ಕೈಗೆ ಸಿಕ್ಕಿತು. ಅವರು ಅದನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದರು. ‘ರಕ್ತಪಿಪಾಸು ಬಡಾಯಿಗಾರ’ ಎಂಬ ಅರ್ಥದ ಅಡ್ಡಹೆಸರು ಬೈರನ್‌ಗೆ ಅಂಟಿಕೊಂಡಿತು.

ಆ ಅಡ್ಡಹೆಸರಿನಲ್ಲಿ ‘ರಕ್ತ’ಕ್ಕಿಂತ ‘ಬಡಾಯಿ’ಯ ಕಡೆಗೇ ನನ್ನ ಗಮನ. ಸತ್ತವರು ಹನ್ನೆರಡು, ಕೆಲವರು ಗಾಯಗೊಂಡು ತಪ್ಪಿಸಿಕೊಂಡರು. ಪತ್ರದಲ್ಲಿ ಮಾತ್ರ ‘ಎಲ್ಲರನ್ನೂ’. ಹತ್ಯಾಕಾಂಡ ಮಾಡಿದವರು ಸಾಮಾನ್ಯವಾಗಿ ಸಂಖ್ಯೆ ಇಳಿಸಿ ಹೇಳುತ್ತಾರೆ. ಈ ಮಹರಾಯ ಏರಿಸಿ ಹೇಳಿದ್ದಾನೆ. ಅವನ ಕೈಬರಹಕ್ಕೂ ಡಾಬ್ಸನ್ ಕುಂಚಕ್ಕೂ ನಡುವೆ ನನಗೆ ದೊಡ್ಡ ಅಂತರ ಕಾಣದಿರುವುದು ಇಲ್ಲೇ. ಎರಡೂ ಕಡೆ ಅವನೇ ನಿಂತು, ತನಗೆ ಹೆಮ್ಮೆಯೆನಿಸಿದ್ದನ್ನು ಬೆಳಕಿಗೆ ಹಿಡಿದಿದ್ದಾನೆ. ಒಂದರಲ್ಲಿ ತಾನು ತಿಂದ ಏಟು, ಇನ್ನೊಂದರಲ್ಲಿ ತಾನು ಕೊಡಿಸಿದ್ದು. ಮೊದಲನೆಯದು ಜನವರಿಯದು, ಎರಡನೆಯದು ಡಿಸೆಂಬರಿನದು.

ಇದರ ಎದುರು, ಸಂಸತ್ತಿನ ಕಡೆಯ ನಾಯಕ ಕ್ರಾಮ್‌ವೆಲ್ ಕಥೆ ನೆನಪಾಗದೆ ಇರದು. ಅವನೂ ಯುದ್ಧದ ಆರಂಭದಲ್ಲಿ ಅಶ್ವದಳದ ಕ್ಯಾಪ್ಟನ್. ನನ್ನ ನರುಲಿಗಳನ್ನೂ ಬಿಡದೆ ಬರೆಯಬೇಕು ಎಂದು ಚಿತ್ರಕಾರ ಲೀಲಿಗೆ ತಾಕೀತು ಮಾಡಿದನಂತೆ. ಇದನ್ನು ಬರೆದಿಟ್ಟವನು ಹದಿನೆಂಟನೆಯ ಶತಮಾನದ ಲೇಖಕ ಹೊರೇಸ್ ವಾಲ್ಪೋಲ್, ಅದೂ ನೂರು ವರ್ಷ ಕಳೆದ ಮೇಲೆ. ಆದರೂ ನರುಲಿಗೆ ಒಂದು ಯೋಗ್ಯತೆಯಿದೆ, ಅದನ್ನು ಯಾರೂ ರಣರಂಗದಲ್ಲಿ ಸಂಪಾದಿಸುವುದಿಲ್ಲ. ಹಾಗೆಂದು ಕ್ರಾಮ್‌ವೆಲ್ ಠೀವಿಯನ್ನೇನೂ ಬಿಟ್ಟುಕೊಡಲಿಲ್ಲ. ರಾಬರ್ಟ್ ವಾಕರ್ 1649ರ ಸುಮಾರಿಗೆ ಬರೆದ ಚಿತ್ರದಲ್ಲಿ ಅವನ ನಿಲುವು ವ್ಯಾನ್ ಡೈಕ್‌ನಿಂದ ಕಡ ತಂದದ್ದು. ಸೊಂಟಕ್ಕೆ ಪಟ್ಟಿ ಕಟ್ಟಲು ಪಕ್ಕದಲ್ಲಿ ಒಬ್ಬ ಹುಡುಗ ಅವನಿಗೂ ಬೇಕಾಯಿತು.

ಮುಂದಿನದು ಇಳಿಜಾರು. 1644ರ ಜನವರಿಯಲ್ಲಿ ನ್ಯಾಂಟ್‌ವಿಚ್ ಬಳಿ ಬೈರನ್ ಸೋತ. ಜುಲೈ 2ರಂದು ಮಾರ್ಸ್ಟನ್ ಮೂರ್‌ನಲ್ಲಿ ಅವನಿಗೆ ಎದುರು ನಿಂತದ್ದು ಕ್ರಾಮ್‌ವೆಲ್ ಕುದುರೆಗಳು. ನಡುವೆ ಹಳ್ಳ, ಜವುಗು ನೆಲ. ನಿಂತಲ್ಲೇ ನಿಂತಿದ್ದರೆ ಲಾಭ ಬೈರನ್‌ನದೇ. ಅವನು ಮುಂದೆ ನುಗ್ಗಿದ, ನುಗ್ಗಿ ತನ್ನ ಕಡೆಯ ಬಂದೂಕುಗಾರರ ಗುಂಡಿಗೇ ಅಡ್ಡ ಬಂದ. ಅವನ ಆ ಅನುಚಿತ ನುಗ್ಗುವಿಕೆಯಿಂದ ಬಹಳ ಹಾನಿಯಾಯಿತೆಂದು ರೂಪರ್ಟ್ ಕಡೆಯ ದಿನಚರಿ ಹೇಳುತ್ತದೆ. ಎರಡು ವರ್ಷ ಹಿಂದೆ ಎಜ್‌ಹಿಲ್‌ನಲ್ಲೂ ಇದೇ ಆಗಿತ್ತು: ಹಿಂದೆ ಮೀಸಲಾಗಿ ನಿಲ್ಲಬೇಕಾಗಿದ್ದ ಅವನ ದಳ ಓಡುವ ಶತ್ರುವನ್ನು ಬೆನ್ನಟ್ಟಿ ಮೈದಾನದಾಚೆ ಹೋಗಿ, ರಾಜನ ಕಾಲಾಳುಗಳಿಗೆ ಆಸರೆಯಿಲ್ಲದಂತಾಯಿತು. ರೌಂಡ್‌ವೇಯಲ್ಲಿ ಅಷ್ಟು ಹೊತ್ತು ತಡೆದು ಹಿಡಿದವನಿಗೆ ಉಳಿದೆರಡು ಕಡೆ ಏನಾಯಿತೋ.

ಅವನು ಹೇಡಿಯಂತೂ ಅಲ್ಲ. ಚೆಸ್ಟರ್ ನಗರವನ್ನು ಮುತ್ತಿಗೆಯಲ್ಲಿ ಕಾಪಾಡಿಕೊಂಡು 1646ರ ಫೆಬ್ರವರಿಯವರೆಗೆ ಹಿಡಿದು ನಿಂತ. ಹಸಿವೆಂದು ಗೊಣಗಿದ ಊರ ಗಣ್ಯರನ್ನು ಊಟಕ್ಕೆ ಕರೆದು ಬೇಯಿಸಿದ ಗೋಧಿ ಮತ್ತು ಬುಗ್ಗೆಯ ನೀರು ಬಡಿಸಿದನೆಂಬ ಕಥೆಯಿದೆ. ತಾನು ತಿನ್ನುತ್ತಿದ್ದದ್ದೂ ಅದೇ ಎಂದು ತೋರಿಸಲಿಕ್ಕೆ.

ಅದೇ ವರ್ಷ ಜೂನ್‌ನಲ್ಲಿ ಆಕ್ಸ್‌ಫರ್ಡ್ ಶರಣಾಯಿತು. ಡಾಬ್ಸನ್ ಲಂಡನ್ನಿಗೆ ಮರಳಿದ. ಅವನಿಂದ ಚಿತ್ರ ಬರೆಸಿಕೊಂಡವರು ಕೆಲವರು ಸತ್ತಿದ್ದರು, ಕೆಲವರು ದೇಶ ಬಿಟ್ಟಿದ್ದರು, ಉಳಿದವರ ಬಳಿ ಕಾಸಿರಲಿಲ್ಲ. ಸಾಲಕ್ಕಾಗಿ ಸೆರೆಮನೆ ಕಂಡು, ಅಕ್ಟೋಬರ್‌ನಲ್ಲಿ ಮೂವತ್ತೈದನೆಯ ವಯಸ್ಸಿಗೆ ತೀರಿಕೊಂಡ. ಇಂಗ್ಲೆಂಡ್ ಅದುವರೆಗೆ ಕಂಡ ಅತ್ಯಂತ ಶ್ರೇಷ್ಠ ಚಿತ್ರಕಾರ ಎಂದು ಅವನನ್ನು ಹೊಗಳಿದವನು ಅದೇ ಶತಮಾನದ ಜೀವನಚರಿತ್ರೆಗಾರ ಜಾನ್ ಆಬ್ರಿ.

ಬೈರನ್ 1652ರಲ್ಲಿ ಪ್ಯಾರಿಸ್‌ನಲ್ಲಿ, ದೇಶಭ್ರಷ್ಟನಾಗಿ ಸತ್ತ. ಮಕ್ಕಳಿರಲಿಲ್ಲ. ಪದವಿ ತಮ್ಮ ರಿಚರ್ಡ್‌ಗೆ ಹೋಯಿತು. ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರೆಲ್ಲ ಬಲ್ಲ ಕವಿ ಬೈರನ್ ಆ ತಮ್ಮನ ವಂಶದವನು, ಆರನೆಯ ಬ್ಯಾರನ್. ಹದಿಹರೆಯದಲ್ಲಿ ಅವನು ವಂಶದ ಮನೆ ನ್ಯೂಸ್ಟೆಡ್ ಬಗ್ಗೆ ಬರೆದ ಪದ್ಯದಲ್ಲಿ ಮಾರ್ಸ್ಟನ್ ಬಯಲಿನಲ್ಲಿ ನೆತ್ತರು ಹರಿಸಿದ ನಾಲ್ವರು ಸೋದರರ ಗುಣಗಾನವಿದೆ. ಬಾರ್ಥಮ್ಲಿಯ ಚರ್ಚಿಲ್ಲ.

ಬಾರ್ಥಮ್ಲಿಗೆ ನ್ಯಾಯ ಅಂತ ಒಂದು ಸಿಕ್ಕಿದ್ದು 1654ರಲ್ಲಿ. ಅಲ್ಲಿ ಸೈನಿಕರನ್ನು ನಡೆಸಿದ್ದ ಮೇಜರ್ ಕೊನಾಟ್‌ನನ್ನು ಚೆಸ್ಟರ್‌ನಲ್ಲಿ ವಿಚಾರಣೆ ಮಾಡಿ ಗಲ್ಲಿಗೇರಿಸಿದರು. ಪತ್ರ ಬರೆದವನು ಆ ಹೊತ್ತಿಗೆ ಕೈಗೆ ಸಿಗದಷ್ಟು ದೂರ ಹೋಗಿಯಾಗಿತ್ತು.

ಟೇಬ್ಲಿ ಹೌಸ್ ಇರುವುದು ಚೆಷರ್‌ನಲ್ಲೇ, ಬಾರ್ಥಮ್ಲಿ ಇರುವ ಪ್ರಾಂತ್ಯದಲ್ಲಿ. ನನ್ನ ಕೈಯಲ್ಲಿದ್ದಿದ್ದರೆ ಈ ಚಿತ್ರದ ಪಕ್ಕದಲ್ಲಿ ಆ ಪತ್ರದ ಅಚ್ಚಿನ ಪ್ರತಿಯನ್ನೂ ಅಷ್ಟೇ ಒಳ್ಳೆಯ ಚೌಕಟ್ಟು ಹಾಕಿ ತೂಗುಬಿಡುತ್ತಿದ್ದೆ. ಬೈರನ್ ತಕರಾರು ಮಾಡಲಾರ. ಎರಡನ್ನೂ ಮೆಚ್ಚಿ ಹೊರಗೆ ಬಿಟ್ಟವನು ಅವನೇ ತಾನೆ.